ಮುಸುಕಿನ ರಾಣಿಯ ಮೂಗು

ಬಸಳೆ ತರುವ ಗಿರಿಜ ಚಿಲ್ಲರೆಯನ್ನು ನನ್ನ ಕೈಗೆ ಹಾಕಿದ ಕೂಡಲೇ ಬುಟ್ಟಿ ಎತ್ತಿಕೊಳ್ಳುವುದಿಲ್ಲ. ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಬಿಚ್ಚುತ್ತಾಳೆ. ನನ್ನ ತಪಾಸಣೆ ಮುಗಿಯಲು ಅಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತು. ಒಂದೊಂದೇ ನಾಣ್ಯವನ್ನು ಬೆಳಕಿಗೆ ಹಿಡಿದು, ಮಗುಚಿ, ಅಂಚನ್ನು ಉಗುರಿನಿಂದ ಮುಟ್ಟಿ ನೋಡದೆ ನಾನು ಸೆರಗಿಗೆ ಕಟ್ಟಿದ್ದಿಲ್ಲ.

“ಎಂತಕ್ಕಾ, ಹತ್ತು ಪೈಸೆಯನ್ನೂ ಹುಡುಗಿ ನೋಡುವ ಹಾಗೆ ನೋಡ್ತೀರಲ್ಲ! ಅದಕ್ಕೆ ಮದುವೆ ಉಂಟಾ?” ಎಂದು ಮೊನ್ನೆ ಕೇಳಿದಳು.

ಉತ್ತರ ಹೇಳಲು ಹೋದರೆ ಉದ್ದವಾಗುತ್ತದೆ, ಅವಳ ಬುಟ್ಟಿಯ ಬಸಳೆ ಬಾಡುತ್ತದೆ. ನೀವಾದರೆ ಬಿಡುವಾಗಿ ಕುಳಿತಿದ್ದೀರಿ, ನಿಮಗೆ ಹೇಳಬಹುದು.

ನಾನು ಸಂಶಯದ ಹೆಂಗಸು. ಅಗಸರವಳು ತಂದ ಬಟ್ಟೆಯನ್ನು ಎರಡು ಸಲ ಎಣಿಸುತ್ತೇನೆ. ಹಾಲಿನವಳು ಅಳೆಯುವಾಗ ಅವಳ ಹೆಬ್ಬೆರಳು ಪಾವಿನ ಒಳಗಿದೆಯೋ ಹೊರಗಿದೆಯೋ ನೋಡುತ್ತೇನೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಸುಮ್ಮನೆ ನಗುತ್ತ ನೋಡುತ್ತೇನೆ. “ನಿನ್ನ ನಗುವಿಗಿಂತ ಪೊಲೀಸರ ಬೈಗುಳ ವಾಸಿ” ಎಂದು ನಮ್ಮ ಮನೆಯವರು ತಮಾಷೆ ಮಾಡುವುದುಂಟು.

ಈ ಗುಣ ನನಗೆ ಬಂದದ್ದು ಕಾನ್ವೆಂಟಿನಿಂದ ಎಂದು ನನ್ನ ಊಹೆ. ಮೂಡಬಿದ್ರೆಯ ಜೈನರ ಮನೆಯ ಹುಡುಗಿಯನ್ನು ಮಂಗಳೂರಿನ ಬೋರ್ಡಿಂಗಿಗೆ ಹಾಕಿದ್ದೇ ಆಗ ದೊಡ್ಡ ಸುದ್ದಿ. ಸೂರ್ಯ ಮುಳುಗುವ ಮೊದಲು ನನಗೊಬ್ಬಳಿಗೆ ಬೇರೆ ಊಟ ಹಾಕಿಸಲು ಮದರ್ ಒಪ್ಪಿದ ಮೇಲೆಯೇ ಅಪ್ಪ ನನ್ನ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದ್ದು. ಅಲ್ಲಿ ಎಲ್ಲದಕ್ಕೂ ದರ್ಜೆ. ಉಗುರಿಗೆ ಎ, ತಲೆ ಬಾಚಿದ್ದಕ್ಕೆ ಬಿ, ಹಾಸಿಗೆ ಮಡಚಿದ್ದಕ್ಕೆ ಸಿ. ಹೊಲಿಗೆಯ ಸಿಸ್ಟರ್ ನಮ್ಮ ಕಸೂತಿಯ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ ಹಿಂಬದಿಯ ಗಂಟುಗಳನ್ನು ಬೆರಳಲ್ಲಿ ಸವರಿ, ಅಲ್ಲೇ ದರ್ಜೆ ಹೇಳಿಬಿಡುತ್ತಿದ್ದರು. ಲೆಕ್ಕದಲ್ಲೂ ಹೊಲಿಗೆಯಲ್ಲೂ ನನಗೆ ಬಿ ದಾಟಿದ ನೆನಪಿಲ್ಲ. ಆದರೆ ಶನಿವಾರ ಪ್ರಾರ್ಥನಾ ಮಂದಿರದ ಹಿತ್ತಾಳೆ ಸಾಮಾನು ಉಜ್ಜುವ ಕೆಲಸವಿತ್ತು. ಅದರಲ್ಲಿ ಆರು ವರ್ಷವೂ ನನಗೆ ಎ. ಪ್ರಾರ್ಥನೆಯಿಂದ ನನಗೆ ವಿನಾಯಿತಿ ಇತ್ತು, ಉಜ್ಜುವುದರಿಂದ ಇರಲಿಲ್ಲ. ನನಗೂ ವಿನಾಯಿತಿ ಬೇಕಿರಲಿಲ್ಲ.

ಹೀಗೆ ಲೋಕದ ವಸ್ತುಗಳನ್ನೆಲ್ಲ ಎ, ಬಿ, ಸಿ ಎಂದು ಸಾಲಾಗಿ ನಿಲ್ಲಿಸಬಹುದು ಎಂಬ ನಂಬಿಕೆಯನ್ನು ಕಟ್ಟಿಕೊಂಡು ನಾನು ಬಂಟ್ವಾಳಕ್ಕೆ ಮದುವೆಯಾಗಿ ಬಂದೆ. ಅದರ ಬೆಲೆ ತೆತ್ತವರು ಮಾತ್ರ ನನ್ನ ಚಿಕ್ಕಮ್ಮ.

ಸುನಂದ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ಟ್ರೈನಿಂಗ್ ಮಾಡಿ ಟೀಚರಾದವರು. ಮೊದಲು ಕಕ್ಕಿಂಜೆ, ಆಮೇಲೆ ಬೆಳ್ತಂಗಡಿ, ಕೊನೆಗೆ ಮೂಡಬಿದ್ರೆ. ಬೆಳ್ತಂಗಡಿಯಲ್ಲಿ ಕಲಿತ ಮಕ್ಕಳು ದೊಡ್ಡವರಾದ ಮೇಲೂ ಬಸ್ಸಿನಲ್ಲಿ ಅವರನ್ನು ಕಂಡರೆ ಎದ್ದು ಸೀಟು ಬಿಡುತ್ತಿದ್ದರು. ಅದು ಗೌರವವೋ ಹಳೆಯ ಬೆತ್ತದ ನೆನಪೋ ಹೇಳುವುದು ಕಷ್ಟ. ನಿವೃತ್ತಿಯಾದಾಗ ಒಟ್ಟಿಗೆ ಒಂದಿಷ್ಟು ಹಣ ಕೈಗೆ ಬಂತು. ಅದರ ಮೇಲೆ ಪೆನ್ಶನ್ ಇಲ್ಲ, ಮಕ್ಕಳಿಲ್ಲ, ಬೇರೆ ಏನೂ ಇಲ್ಲ. ನಡೆಯಲು ಕಾಲಿಲ್ಲದ ದಿನ ಇನ್ನೊಬ್ಬರ ಮನೆಯ ಅಡುಗೆಮನೆ ಬಾಗಿಲಲ್ಲಿ ಊಟಕ್ಕೆ ಕಾಯುವ ಹಾಗಾಗಬಾರದು ಎಂಬುದೊಂದೇ ಅವರ ಹಟ.

ಬ್ಯಾಂಕನ್ನು ಚಿಕ್ಕಮ್ಮ ನಂಬುತ್ತಿರಲಿಲ್ಲ. “ಸರಳು ಹಾಕಿಕೊಂಡು ಒಳಗೆ ಕೂತಿದ್ದಾರೆ ಅಂದ್ರೆ ಅವರಿಗೇ ಎಂತದೋ ಹೆದರಿಕೆ ಉಂಟು, ಮಗಾ” ಎನ್ನುತ್ತಿದ್ದರು. ಚಿನ್ನವೇ ಸರಿ ಎಂದಾಯಿತು. ಒಡವೆ ಮಾಡಿಸಿ ಹಾಕಿಕೊಳ್ಳುವ ಸ್ಥಿತಿ ಅವರದಲ್ಲ. ಕೂಲಿಯೂ ದಂಡ. ಹಾಗಾಗಿ ಪವನು. ಒಂದು ಕಡೆ ರಾಜನ ತಲೆಯೋ ರಾಣಿಯ ತಲೆಯೋ, ಇನ್ನೊಂದು ಕಡೆ ಕುದುರೆ ಏರಿದ ಸವಾರ, ಕುದುರೆಯ ಕಾಲಡಿಯಲ್ಲಿ ಹಾವಿನಂಥ ಒಂದು ಪ್ರಾಣಿ ಇರುವ ಹಳೆಯ ಇಂಗ್ಲಿಷರ ಚಿನ್ನದ ನಾಣ್ಯ. ಸರಕಾರದ ಚಿನ್ನ ನಿಯಂತ್ರಣದ ಕಾನೂನು ಬರುವುದಕ್ಕೆ ಎಷ್ಟೋ ಮೊದಲಿನ ಮಾತಿದು. ಆಗ ನಮ್ಮ ಕಡೆ ಕೈಯಲ್ಲಿ ನಾಲ್ಕು ಕಾಸು ಉಳಿದವರೆಲ್ಲ ಪವನು ತೆಗೆದು ಅಕ್ಕಿ ಮುಡಿಯೊಳಗೋ ಪೆಟ್ಟಿಗೆಯ ತಳದಲ್ಲೋ ಇಡುತ್ತಿದ್ದರು.

ಪವನು ಮಾರಲು ಒಬ್ಬರಿದ್ದರು. ಫರಂಗಿಪೇಟೆಯ ಶೀನಣ್ಣ. ಬೊಂಬಾಯಿಯಲ್ಲಿ ಹತ್ತು ವರ್ಷ ಇದ್ದು ಬಂದು ಹೋಟೆಲು ಇಟ್ಟಿದ್ದರು. ಮುಂದೆ ಇಡ್ಲಿ, ಹಿಂದಿನ ಕೋಣೆಯಲ್ಲಿ ಪವನು. ನಾವಿಬ್ಬರು ಹೋದ ದಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪೌಡರಿನ ಡಬ್ಬಿ ತೆರೆದು, ನಾಣ್ಯಗಳನ್ನು ಮೂರು ಸಾಲು ಮಾಡಿದರು. ಅವರ ಕಿರುಬೆರಳಿನ ಉಗುರು ಉದ್ದವಾಗಿ ಬೆಳೆದಿತ್ತು. ನಾಣ್ಯ ಸರಿಸುವುದಕ್ಕೆ ಅದೇ ಕೋಲು. ನನಗೆ ಆ ಉಗುರು ಹಿಡಿಸಲಿಲ್ಲ. ಕಾನ್ವೆಂಟಿನಲ್ಲಾದರೆ ಅದಕ್ಕೆ ಸಿ.

“ಇದು ಮದುಮಗಳು, ಇದು ಸಂಸಾರಿ, ಇದು ಮುದುಕಿ” ಎಂದರು ಶೀನಣ್ಣ.

“ಎಂತ ಹಾಗೆಂದರೆ?” ಎಂದರು ಚಿಕ್ಕಮ್ಮ.

“ಈ ಮುಸುಕಿನ ರಾಣಿಯನ್ನು ನೋಡಿ ಟೀಚರ್. ಮೂಗು ನೋಡಿ, ಮುಸುಕಿನ ನೆರಿಗೆ ನೋಡಿ. ಮನುಷ್ಯರ ಕೈ ಮುಟ್ಟಿದ್ದಲ್ಲ, ಅಚ್ಚಿನಿಂದ ಬಿದ್ದದ್ದು ಸೀದಾ ಡಬ್ಬಿಗೆ. ಇವಳು ಮದುಮಗಳು. ಸಂಸಾರಿ ಅಂದ್ರೆ ಸ್ವಲ್ಪ ಕೈ ಬದಲಾದದ್ದು. ಮುದುಕಿಗೆ ಮುಖವೇ ಇಲ್ಲ, ನೋಡಿ, ಬೋಳು. ಬೊಂಬಾಯಿಯಲ್ಲಿ ಮುಖ ನೋಡಿಯೇ ರೇಟು.”

ಒಂಬತ್ತು ಮದುಮಗಳಂದಿರಿಗೆ ಕೊಡುವ ಹಣದಲ್ಲಿ ಹತ್ತು ಮುದುಕಿಯರು ಬರುತ್ತಿದ್ದರು. ಚಿಕ್ಕಮ್ಮ ನನ್ನ ಮುಖ ನೋಡಿದರು, ನಾನು ಉಗುರು ನೋಡಿದೆ. “ನಾಳೆ ಬರುವ” ಎಂದು ಎದ್ದುಬಿಟ್ಟೆವು.

ಬಂಟ್ವಾಳದ ಪೇಟೆಯಲ್ಲಿ ಗೋಪಾಲ ಆಚಾರ್ರು ಚಿನ್ನದ ಕೆಲಸ ಮಾಡುತ್ತಿದ್ದರು. ಮುಳಿಹುಲ್ಲು ಹೊದೆಸಿದ ಮಾಡು, ತಗ್ಗು ಜಗಲಿ. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಬರಬೇಕಾದರೆ ಅವರು ಊದುಕೊಳವೆಯನ್ನು ಬಾಯಿಂದ ತೆಗೆಯುವವರೆಗೂ ಕಾಯಬೇಕು. ನಾವು ಮದುಮಗಳ ವಿಷಯ ಹೇಳಿದೆವು. ಅವರು ಕೊಳವೆ ತೆಗೆದರು.

“ಮುಸುಕು, ಮೂಗು ಎಲ್ಲ ಕರಗಿಸುವವರೆಗೆ ಟೀಚರ್. ಮೂಸೆಗೆ ಹಾಕಿದ ಮೇಲೆ ಎಲ್ಲರೂ ಒಂದೇ. ನೀವು ಕೂಡಿಡ್ಲಿಕ್ಕೆ ತೆಗೆಯುವುದಲ್ವಾ? ತೂಕ ನೋಡಿ, ಒರೆ ನೋಡಿ, ಸಾಕು. ಮುಖಕ್ಕೆ ಎಂತಕ್ಕೆ ದುಡ್ಡು? ಬೇಕಾದ್ರೆ ನನ್ನ ಹತ್ತಿರವೂ ಸವೆದದ್ದು ನಾಲ್ಕು ಉಂಟು.”

ಆ ಕೊನೆಯ ಮಾತನ್ನು ಅವರು ಆಡದಿದ್ದರೆ ಚೆನ್ನಾಗಿತ್ತು. ನನ್ನ ಕಿವಿ ನೆಟ್ಟಗಾಯಿತು. ಓಹೋ, ತನ್ನಲ್ಲಿರುವ ಮುದುಕಿಯರನ್ನು ದಾಟಿಸುವ ಉಪಾಯ! ಶೀನಣ್ಣನ ಮೇಲಿದ್ದ ಸಂಶಯವೆಲ್ಲ ಎದ್ದು ಬಂದು ಆಚಾರ್ರ ಜಗಲಿಯಲ್ಲಿ ಕುಳಿತುಬಿಟ್ಟಿತು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಕೊಡೆ ಬಿಡಿಸುತ್ತ, “ನೀನು ಕಾನ್ವೆಂಟಲ್ಲಿ ಓದಿದವಳು ಮಗಾ. ನನಗೆ ಇದೆಲ್ಲ ಗೊತ್ತಾಗುವುದಿಲ್ಲ. ನೀನು ಹೇಳಿದ ಹಾಗೆ ಮಾಡ್ತೇನೆ” ಎಂದರು.

“ಎ ಸಿಗುವಾಗ ಸಿ ಯಾಕೆ ಚಿಕ್ಕಮ್ಮ?” ಎಂದೆ.

ಒಂಬತ್ತು ಮದುಮಗಳಂದಿರು ಬಂದರು. ನನ್ನ ಹಟಕ್ಕೆ ಆಚಾರ್ರಲ್ಲಿಗೇ ಒಯ್ದು ತೂಗಿಸಿದೆವು. ಒಂಬತ್ತೂ ಪೂರ್ತಿ ತೂಕ. ಆಚಾರ್ರು ತಕ್ಕಡಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರೇ ಹೊರತು ಒಂದು ಮಾತೂ ಆಡಲಿಲ್ಲ. ಆ ಮೌನದಲ್ಲೂ ನನಗೆ ಏನೋ ಕಂಡಿತು.

ಚಿಕ್ಕಮ್ಮನದು ಮೂಡಬಿದ್ರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಂದು ಬದಿಯ ಬಾಗಿಲಿಗೆ ಚಿಲಕ ಸರಿ ಬೀಳುತ್ತಿರಲಿಲ್ಲ. ಆದ್ದರಿಂದ ಪವನು ನನ್ನಲ್ಲೇ ಉಳಿಯಿತು. ನಾನು ಅವನ್ನು ಹಿತ್ತಾಳೆಯ ವೀಳ್ಯದ ಪೆಟ್ಟಿಗೆಯಲ್ಲಿಟ್ಟು, ಅದನ್ನು ಪಟ್ಟೆಸೀರೆಗಳ ಕೆಳಗಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಮುಖ ನೋಡಿಯೇ ರೇಟು ಎಂದು ಶೀನಣ್ಣ ಹೇಳಿದ್ದರಲ್ಲ, ಆ ಮುಖ ಕೆಡದ ಹಾಗೆ ಇಡಲು ನನ್ನ ಕೈಯಲ್ಲಿ ವಿದ್ಯೆ ಇತ್ತು. ನಮ್ಮ ಬಂಟ್ವಾಳದಲ್ಲಿ ಒಡೆದ ಹಂಚಿಗೆ ಬರವೇ? ಹಂಚಿನ ಚೂರನ್ನು ಕುಟ್ಟಿ, ಹಳೆಯ ತೆಳು ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿ, ಹುಣಸೆಹುಳಿಯಲ್ಲಿ ಕಲಸಿ ಉಜ್ಜಿದರೆ ದೀಪದ ಕಂಬ ಬಂಗಾರವಾಗುತ್ತದೆ. ಬಂಗಾರವೇ ಆದರೆ ಕೇಳಬೇಕೇ! ಪ್ರತಿ ತಿಂಗಳು ದೀಪಗಳನ್ನು ಉಜ್ಜಿ ಮುಗಿಸಿ, ಅದೇ ಹಂಚಿನ ಪುಡಿಯಲ್ಲಿ ಒಂಬತ್ತು ರಾಣಿಯರ ಮುಖವನ್ನೂ ಹೆಬ್ಬೆರಳಿನಿಂದ ತಿಕ್ಕುತ್ತಿದ್ದೆ. ಮಗುವಿಗೆ ಮುಖ ತೊಳೆಸಿದಷ್ಟು ಮೃದುವಾಗಿ, ಆದರೆ ಬಿಡದೆ.

ಪ್ರತಿ ಬೇಸಿಗೆಯಲ್ಲಿ ಚಿಕ್ಕಮ್ಮ ಬರುತ್ತಿದ್ದರು. ನಾನು ಪೆಟ್ಟಿಗೆ ತೆರೆದು ತೋರಿಸುತ್ತಿದ್ದೆ. ಕನ್ನಡಕ ಏರಿಸಿ ಒಂದೊಂದನ್ನೇ ನೋಡಿ, “ಒಳ್ಳೆ ಹೊಳೀತದೆ” ಎನ್ನುತ್ತಿದ್ದರು. ಎರಡು ವರ್ಷ ಹೀಗೆ. ಮೂರನೆಯ ವರ್ಷ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಅದರ ಮುಂದಿನ ವರ್ಷದಿಂದ ನಾನು ಬೀಗದ ಕೈ ತೆಗೆದರೆ, “ಇರಲಿ ಮಗಾ, ನೋಡಿ ಎಂತ ಆಗ್ಲಿಕ್ಕುಂಟು” ಎಂದು ತಡೆಯತೊಡಗಿದರು. ನನ್ನ ಮೇಲೆ ಎಷ್ಟು ನಂಬಿಕೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಒಂದು ವಿಷಯ ಬಿಟ್ಟುಹೋಯಿತು. ಪವನು ಕೊಂಡ ಮೊದಲ ವರ್ಷವೇ ಪೇಟೆಯಲ್ಲಿ ಖೋಟಾ ಪವನು ಬಂದಿದೆ ಎಂಬ ಸುದ್ದಿ ಎದ್ದಿತ್ತು. ನನಗೆ ಅನ್ನ ಸೇರಲಿಲ್ಲ. ಒಂಬತ್ತನ್ನೂ ಆಚಾರ್ರಲ್ಲಿಗೆ ಒಯ್ದೆ. ಜಗಲಿಯಲ್ಲಿ ಬೆಳಕು ಸಾಲದೆಂದು ಅವರು ಅವನ್ನು ಒಳಗಿನ ಕಿಟಕಿಯ ಹತ್ತಿರ ಕೊಂಡುಹೋದರು. ಅವರ ಮನೆಯವರು ಕೊಟ್ಟ ಬೆಲ್ಲ ನೀರನ್ನು ನಾನು ಕುಡಿದು ಮುಗಿಸುವಷ್ಟರಲ್ಲಿ ಆಚಾರ್ರು ಹೊರಗೆ ಬಂದು, “ಎಲ್ಲ ಸರಿ ಉಂಟು” ಎಂದು ಕೊಟ್ಟರು. ಆ ವರ್ಷದ ಮಳೆಗಾಲಕ್ಕೆ ಮೊದಲು ಅವರ ಮನೆಯ ಮಾಡಿನ ಮುಳಿಹುಲ್ಲು ಹೋಗಿ ಹಂಚು ಬಂತು. ಈ ಎರಡು ಸಂಗತಿಗಳನ್ನು ನಾನು ಆಗ ಜೋಡಿಸಲಿಲ್ಲ. ಬೇಕಾದಾಗ ತೆಗೆಯೋಣವೆಂದು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡೆ.

ಬೇಕಾಗುವ ದಿನ ಬಂತು. ಬಾಡಿಗೆ ಮನೆಯ ಯಜಮಾನರು ಮನೆ ಮಾರುವವರಿದ್ದಾರೆ ಎಂದು ಚಿಕ್ಕಮ್ಮ ಕಾರ್ಡು ಬರೆದರು. ಬಿಸು ಹಬ್ಬದೊಳಗೆ ಹಣ ಕೊಟ್ಟರೆ ಟೀಚರಿಗೇ ಕೊಡುತ್ತೇನೆ, ಇಲ್ಲವಾದರೆ ಬೇರೆ ಗಿರಾಕಿ ಸಿದ್ಧವಿದ್ದಾರೆ ಎಂದರಂತೆ. ಕಾರ್ಡಿನ ಕೊನೆಗೆ, “ಒಂಬತ್ತಕ್ಕೂ ಸರಿಯಾದ ಬೆಲೆ ಬಂದರೆ ಮಾತ್ರ ಸಾಕಾಗುತ್ತದೆ. ಬಾರದಿದ್ದರೆ ಎಲ್ಲಿಗೆ ಹೋಗುವುದೆಂದು ಯೋಚಿಸಬೇಕು” ಎಂದಿತ್ತು. ಅಕ್ಷರ ಎಂದಿನಂತೆ ಕಾಪಿ ಪುಸ್ತಕದ ಹಾಗೆ ಗುಂಡಗೆ. ‘ಎಲ್ಲಿಗೆ’ ಎಂಬಲ್ಲಿ ಮಾತ್ರ ಶಾಯಿ ಸ್ವಲ್ಪ ಹರಡಿತ್ತು.

ಚಿಕ್ಕಮ್ಮ ಬಂದರು. ಇಬ್ಬರೂ ಮೊದಲು ಫರಂಗಿಪೇಟೆಗೆ ಹೋದೆವು. ಮದುಮಗಳಂದಿರನ್ನು ಕೊಟ್ಟವರೇ ತೆಗೆದುಕೊಳ್ಳಲಿ, ಹೆಚ್ಚಿಗೆ ಕೊಟ್ಟ ಹಣವೂ ಮರಳಿ ಬರಲಿ ಎಂಬುದು ನನ್ನ ಯೋಜನೆ.

ಶೀನಣ್ಣ ಹಸಿರು ಬಟ್ಟೆ ಹಾಸಲೂ ಇಲ್ಲ. “ತೆಗೆದುಕೊಳ್ಳುವಾಗ ನಾನು ತೂಕವೇ ನೋಡುವುದಕ್ಕ” ಎಂದರು.

“ಕೊಡುವಾಗ ಮುಖ, ತೆಗೆದುಕೊಳ್ಳುವಾಗ ತೂಕವಾ?”

“ವ್ಯಾಪಾರ ಅಲ್ವಾ ಮಾರಾಯ್ರೇ. ನನ್ನ ಹೊಟ್ಟೆಪಾಡು ನೋಡಬೇಡವಾ?” ಎನ್ನುತ್ತ ಒಂದನ್ನು ಉಗುರಿನಿಂದ ಎತ್ತಿದರು. ಮಗುಚಿದರು. ಇನ್ನೊಂದನ್ನು ಎತ್ತಿದರು. “ಇದು ಎಂತ? ಇವಳಿಗೆ ಮೂಗೇ ಇಲ್ಲ! ಇದು ನಾನು ಕೊಟ್ಟ ಮಾಲಲ್ಲ. ಇವೆಲ್ಲ ಮುದುಕಿಯರು. ನಿಮಗೆ ಯಾರೋ ಚೆಂದ ಮಾಡಿ ಟೋಪಿ ಹಾಕಿದ್ದಾರೆ.”

ತಿಂಗಳಿಗೊಮ್ಮೆ ಹತ್ತಿರದಿಂದ ನೋಡುತ್ತಿದ್ದವಳಿಗೆ ಕಾಣದ್ದು ಅವರ ಉಗುರಿನ ತುದಿಯಲ್ಲಿ ಕಂಡಿತು. ಹೌದು, ಬೋಳು ಮುಖಗಳು. ಮುಸುಕೆಲ್ಲಿ, ತಲೆಯೆಲ್ಲಿ ಎಂದು ಹೇಳುವ ಹಾಗಿಲ್ಲ. ಚಿಕ್ಕಮ್ಮನ ಕಡೆ ತಿರುಗಿದೆ. ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಕೊಡೆಯ ಹಿಡಿಯನ್ನು ನೋಡುತ್ತ ನಿಂತಿದ್ದರು.

ಬಸ್ಸಿನಲ್ಲಿ ಬಂಟ್ವಾಳಕ್ಕೆ ಬರುವಷ್ಟರಲ್ಲಿ ನನ್ನ ಲೆಕ್ಕ ಮುಗಿದಿತ್ತು. ಒಳಗಿನ ಕಿಟಕಿ, ಬೆಲ್ಲ ನೀರು, ಹಂಚಿನ ಮಾಡು. ಸವೆದ ನಾಲ್ಕು ತನ್ನಲ್ಲುಂಟು ಎಂದು ಅವರೇ ಹೇಳಿದ್ದರಲ್ಲ, ಉಳಿದ ಐದನ್ನು ಎಲ್ಲಿಂದಲೋ ಹೊಂದಿಸಿರಬೇಕು.

“ಚಿಕ್ಕಮ್ಮ, ಇದು ಆಚಾರ್ರ ಕೆಲಸ” ಎಂದೆ.

“ಬೇಡ ಮಗಾ. ಯಾರನ್ನೂ ಕೇಳುವುದು ಬೇಡ. ಬಂದಷ್ಟು ಬರಲಿ” ಎಂದರು. ದನಿ ಬಹಳ ಸಣ್ಣದಾಗಿತ್ತು.

ನಾನು ಕೇಳಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ, ಸುಮ್ಮನೆ ನಗುವುದನ್ನು ಬಿಟ್ಟು ಬಾಯಿ ತೆರೆದೆ. ಆಚಾರ್ರ ಮುಂದೆ ನಾಣ್ಯಗಳನ್ನು ಸುರಿದು, “ಆ ದಿನ ಇವನ್ನು ಒಳಗೆ ತೆಗೆದುಕೊಂಡು ಹೋಗಿದ್ದಿರಲ್ಲ ಆಚಾರ್ರೇ, ಹೊರಗೆ ತಂದದ್ದು ಇವನ್ನೇನಾ?” ಎಂದೆ. ಹೇಳುತ್ತಿದ್ದ ಹಾಗೆ ಕಣ್ಣು ತಾನಾಗಿ ಮಾಡಿನ ಕಡೆ ಹೋಯಿತು.

ಆಚಾರ್ರು ನನ್ನ ಕಣ್ಣು ಹೋದಲ್ಲಿಗೆ ತಾವೂ ನೋಡಿದರು. ಆಮೇಲೆ ಒಂದೊಂದನ್ನೇ ತೂಗಿದರು. ತಟ್ಟೆಗೆ ಗುಲಗಂಜಿ ಹಾಕಿ ತೆಗೆದು ಮಾಡಿ, “ಒಂದೊಂದೂ ಒಂದು ಗುಲಗಂಜಿ ಕಡಿಮೆ ಉಂಟು” ಎಂದರು. ಭೂತಗನ್ನಡಿ ತೆಗೆದು ಕುದುರೆಯ ಕಡೆಯನ್ನು ಬಹಳ ಹೊತ್ತು ನೋಡಿದರು. ಒಂದು ಸೂಜಿ ತೆಗೆದುಕೊಂಡು ಕುದುರೆಯ ಹೊಟ್ಟೆಯ ಅಡಿಯಲ್ಲಿ ಮೆಲ್ಲಗೆ ಕೆದಕಿ, ಸೂಜಿಯ ಮೊನೆಯನ್ನು ಬಿಳಿ ಕಾಗದಕ್ಕೆ ಒರೆಸಿದರು. ಕಾಗದದ ಮೇಲೆ ಸಾಸಿವೆಯಷ್ಟು ಕೆಂಪು.

“ಅಕ್ಕಾ, ನೀವು ದೀಪ ಉಜ್ಜುವುದು ಎಂತದರಲ್ಲಿ?”

“ಹಂಚಿನ ಪುಡಿಯಲ್ಲಿ.”

“ಇದನ್ನು?”

ಕಾನ್ವೆಂಟಿನ ದೀಪದ ಕಂಬದ ಬುಡದಲ್ಲಿ ರೆಕ್ಕೆಯ ದೇವದೂತನ ಒಂದು ಬೊಂಬೆ ಇತ್ತು. ಆರು ವರ್ಷ ನಾನು ಅದನ್ನು ಉಜ್ಜಿದ್ದೆ. ಅದಕ್ಕೆ ಕಣ್ಣು, ಮೂಗು ಯಾವುದೂ ಇರಲಿಲ್ಲ, ಮೊಟ್ಟೆಯ ಹಾಗೆ ನುಣುಪಾದ ಮುಖ. ದೇವದೂತರು ಹಾಗೇ ಇರುತ್ತಾರೆಂದು ನಾನು ತಿಳಿದಿದ್ದೆ.

“ಎಷ್ಟು ಸಲ ಉಜ್ಜಿದ್ರಿ?” ಎಂದರು ಆಚಾರ್ರು.

“ತಿಂಗಳಿಗೊಮ್ಮೆ. ಆರು ವರ್ಷ.”

ಆಚಾರ್ರು ಉಸಿರು ಬಿಟ್ಟರು. “ಉಜ್ಜಿದ ನೀರು ಎಲ್ಲಿಗೆ ಚೆಲ್ಲಿದ್ರಿ?”

“ಅಬ್ಬಲಿಗೆ ಗಿಡದ ಬುಡಕ್ಕೆ.”

“ಹೂವು ಒಳ್ಳೆದು ಬಂದಿರಬೇಕು” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಾನು ಆ ದಿನ ಒರೆ ಮಾತ್ರ ನೋಡಿದ್ದು, ತೂಗಲಿಲ್ಲ. ತೂಗಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಅದು ನನ್ನ ತಪ್ಪು. ಮತ್ತೆ ಅಕ್ಕ, ಹಂಚು ಹಾಕಿಸಿದ್ದು ಅಳಿಯ. ಕೇಳಿದ್ರೆ ಆಗಲೇ ಹೇಳ್ತಿದ್ದೆ.”

ಪಕ್ಕದಲ್ಲಿ ಏನೋ ಸದ್ದಾಯಿತು. ಚಿಕ್ಕಮ್ಮ ಅಳುತ್ತಿದ್ದಾರೆಂದು ತಿರುಗಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಉಜ್ಜಿದ್ದಾ?” ಎಂದರು. “ಬರೀ ಉಜ್ಜಿದ್ದಾ ಮಗಾ?”

“ಹೌದು ಚಿಕ್ಕಮ್ಮ.”

“ನಾನು ನೀನು ಬದಲಾಯಿಸಿದ್ದಿ ಅಂತ ತಿಳಿದಿದ್ದೆ.”

ನನಗೆ ಮೊದಲು ಅರ್ಥವೇ ಆಗಲಿಲ್ಲ.

“ಮೂರನೇ ವರ್ಷ ನೋಡಿದಾಗ ರಾಣಿಗೆ ಮೂಗಿರಲಿಲ್ಲ. ನನ್ನ ಒಳ್ಳೆಯದನ್ನು ನೀನಿಟ್ಟುಕೊಂಡು ಸವೆದದ್ದನ್ನು ನನಗಿಟ್ಟಿದ್ದಿ ಅಂತ ತಿಳಿದೆ. ಕೇಳಿದರೆ ಎಂತ ಆಗ್ತದೆ? ನೀನು ಬೇಸರ ಮಾಡ್ತಿ. ಬಂದು ನಾಲ್ಕು ದಿನ ಇರಲಿಕ್ಕೆ ನನಗೆ ಇನ್ನೊಂದು ಮನೆ ಎಲ್ಲುಂಟು? ಪವನು ಹೋದರೆ ಹೋಗಲಿ, ನೀನು ಉಳಿದರೆ ಸಾಕು ಅಂತ ಸುಮ್ಮನಾದೆ. ನಾಲ್ಕು ವರ್ಷ ನಿನ್ನ ಮನೆಯಲ್ಲಿ ಉಣ್ಣುವಾಗಲೆಲ್ಲ ಮನಸ್ಸಲ್ಲಿ ಅದೇ.”

ಆಚಾರ್ರು ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋದರು. ನಾನು ಅಗಸರವಳನ್ನು, ಹಾಲಿನವಳನ್ನು, ಉಗುರಿನ ಶೀನಣ್ಣನನ್ನು, ಬೆಲ್ಲ ನೀರಿನ ಆಚಾರ್ರನ್ನು ನೋಡುತ್ತ ಕುಳಿತಿದ್ದ ಅಷ್ಟೂ ವರ್ಷ, ಬಾಳೆಲೆಯ ಆಚೆ ಬದಿಯಲ್ಲಿ ಕುಳಿತು ಒಬ್ಬರು ನನ್ನನ್ನು ನೋಡುತ್ತಿದ್ದರು. ನಾನು ಬಡಿಸಿದ ತುಪ್ಪವನ್ನು “ಸಾಕು ಮಗಾ” ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಅದನ್ನು ನಾನು ಸಂಕೋಚ ಎಂದುಕೊಂಡಿದ್ದೆ.

ಆಚಾರ್ರು ಬಂದು ಒಟ್ಟು ಬೆಲೆ ಹೇಳಿದರು. ಮುಖಕ್ಕೆ ಒಂದು ಕಾಸೂ ಇಲ್ಲ, ಒಂಬತ್ತು ಗುಲಗಂಜಿ ತೂಕ ಕಡಿಮೆ. ಮನೆಯ ಹಣಕ್ಕೆ ಸರಿಯಾಗಿ ಅಷ್ಟೇ ಕಡಿಮೆ ಬಿತ್ತು. ಮೊದಲೇ ಅವರ ಮಾತು ಕೇಳಿದ್ದರೆ ಹತ್ತು ಮುದುಕಿಯರು ಇರುತ್ತಿದ್ದರು, ಮಿಕ್ಕ ಹಣದಲ್ಲಿ ಚಿಲಕ ಕೂಡ ರಿಪೇರಿಯಾಗುತ್ತಿತ್ತು. ಇದನ್ನು ಅವರು ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ.

ನನ್ನ ಬೆರಳಲ್ಲಿ ಒಂದು ಉಂಗುರವಿತ್ತು. ಅಮ್ಮ ಕೊಟ್ಟದ್ದು. ಎಳೆದರೆ ಬರಲಿಲ್ಲ. ಆಚಾರ್ರು ಎರಡು ತೊಟ್ಟು ಎಣ್ಣೆ ಹಾಕಿದರು. ಗಂಟು ದಾಟಿ ಬಂತು, ಬೆರಳಿನ ಮೇಲೆ ಬೆಳ್ಳಗಿನ ಗೆರೆ ಉಳಿಯಿತು. ಚಿಕ್ಕಮ್ಮನ ಕೈಯಲ್ಲಿಟ್ಟೆ.

“ಬೇಡ ಮಗಾ” ಎಂದರು. ನಾನು ಅವರ ಮುಷ್ಟಿಯನ್ನು ಮುಚ್ಚಿದೆ. “ಬೇಡ ಅಂದೆ ಅಲ್ವಾ” ಎಂದರು. ಮೂರನೆಯ ಸಲ ಬೇಡ ಎನ್ನಲಿಲ್ಲ. ಮುಷ್ಟಿ ಬಿಡಿಸಿ, ಕನ್ನಡಕ ಏರಿಸಿ, ಉಂಗುರವನ್ನು ಬೆಳಕಿಗೆ ಹಿಡಿದು ಒಳಗಡೆ ಹೊರಗಡೆ ನೋಡಿದರು. ಮಕ್ಕಳ ಸ್ಲೇಟು ನೋಡುತ್ತಿದ್ದದ್ದೂ ಹೀಗೆಯೇ. ಆಮೇಲೆ ಅದನ್ನು ಮೆಲ್ಲಗೆ ಆಚಾರ್ರ ಕಡೆಗೆ ಸರಿಸಿದರು.

“ಆಚಾರ್ರೇ, ಇದನ್ನೂ ಒಂದು ಸಲ ಒರೆಗೆ ಹಚ್ಚಿ ನೋಡಿ.”

ಆಚಾರ್ರು ಉಂಗುರ ಮುಟ್ಟದೆ ನನ್ನ ಮುಖ ನೋಡಿದರು.

“ನೋಡಿ ಆಚಾರ್ರೇ” ಎಂದೆ ನಾನು.

ಅವರು ಒರೆಗಲ್ಲನ್ನು ಪಂಚೆಯ ತುದಿಯಿಂದ ಒರೆಸಿ, ಉಂಗುರವನ್ನು ಒತ್ತಿ ಎಳೆದರು. ಕಪ್ಪು ಕಲ್ಲಿನ ಮೇಲೆ ಹಳದಿಯ ಗೆರೆ ಮೂಡಿತು. ಮೂವರೂ ತಲೆ ತಾಗಿಸಿಕೊಂಡು ಅದನ್ನು ನೋಡಿದೆವು.